ವಸಂತಿ ಟೀಚರ್ ಓದುತ್ತಿದ್ದ ಕಂಪ್ಯೂಟರ್ ಪತ್ರಿಕೆಗಳು

ಕಾಪುವಿನಲ್ಲಿ ಕಂಪ್ಯೂಟರ್ ಇದ್ದ ಮನೆಗಳನ್ನು ಬೆರಳು ಮಡಚಿ ಎಣಿಸಬಹುದಾಗಿದ್ದ ಕಾಲ ಅದು. ಇದ್ದವೂ ಹೆಚ್ಚಾಗಿ ದುಬೈಯಿಂದಲೋ ಮಸ್ಕತ್‌ನಿಂದಲೋ ಯಾರಾದರೂ ರಜೆಗೆ ಬಂದಾಗ ಕೊಡಿಸಿದವು. ಕಸೂತಿ ಹಾಕಿದ ಬಟ್ಟೆ ಹೊದ್ದು ಮನೆಯ ಚಾವಡಿಯಲ್ಲಿ ಮದುಮಗಳ ಹಾಗೆ ಕೂತಿರುತ್ತಿದ್ದವು. ಮಕ್ಕಳು ಹತ್ತಿರ ಹೋದರೆ ಬೈಗುಳ. ನಮ್ಮ ಶಾಲೆಯಲ್ಲಿಯೂ ಒಂದಿತ್ತು, ಹೆಡ್‌ಮಾಸ್ಟರರ ಕೋಣೆಯಲ್ಲಿ, ಬೀಗದ ಒಳಗೆ. ಹೊಸ ಸಹಸ್ರಮಾನ ಬಂದು ವರ್ಷ ಕಳೆದಿತ್ತಷ್ಟೆ. ನಾನು ಎಂಟನೆಯ ತರಗತಿ ಮುಗಿಸಿ ಬೇಸಿಗೆ ರಜೆಯಲ್ಲಿದ್ದೆ.

ಆ ಏಪ್ರಿಲ್‌ನಲ್ಲೇ ಬಸ್‌ಸ್ಟ್ಯಾಂಡಿನ ಎದುರು ಒಂದು ಕಂಪ್ಯೂಟರ್ ಸೆಂಟರ್ ಶುರುವಾಯಿತು. ಗಾಜಿನ ಬಾಗಿಲು, ಒಳಗೆ ಎ.ಸಿ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಯಾರಾದರೂ ಬಾಗಿಲು ತೆರೆದರೆ ಹೊರಗೆ ಬೆವರುತ್ತ ನಿಂತ ನಮ್ಮ ಮುಖಕ್ಕೆ ತಣ್ಣನೆಯ ಗಾಳಿ ಒಂದು ಕ್ಷಣ ಬಡಿಯುತ್ತಿತ್ತು. ನನ್ನ ಕ್ಲಾಸಿನ ಶರ್ಮಿಳಾ ಮೊದಲ ವಾರವೇ ಅಲ್ಲಿಗೆ ಸೇರಿಕೊಂಡಳು. ಎರಡನೆಯ ವಾರ ಒಂದು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅದರಲ್ಲಿ ಒಂದು ಮನೆ, ಒಂದು ತೆಂಗಿನಮರ, ಮೂಲೆಯಲ್ಲಿ ಸೂರ್ಯ. ಕೈಯಲ್ಲಿ ಬಿಡಿಸಿದ್ದರೆ ಒಂದನೇ ಕ್ಲಾಸಿನ ಮಕ್ಕಳೂ ನಗುತ್ತಿದ್ದರು. ಆದರೆ ಅದು ಕಂಪ್ಯೂಟರಿನಲ್ಲಿ ಬಿಡಿಸಿದ ಮನೆ! ನಾನು ಆ ಕಾಗದವನ್ನು ಮೂಸಿ ಕೂಡ ನೋಡಿದೆ.

"ನನ್ನನ್ನೂ ಸೇರಿಸು" ಎಂದು ಅಮ್ಮನನ್ನು ಪೀಡಿಸಿದೆ. ಅಮ್ಮ ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಅದೆಲ್ಲ ಆಮೇಲೆ. ಮೊದಲು ವಸಂತಿ ಟೀಚರ ಹತ್ತಿರ ಟೈಪಿಂಗ್ ಕಲಿ. ಅವರ ಹತ್ತಿರ ಕಲಿತವರು ಯಾರೂ ಮನೆಯಲ್ಲಿ ಸುಮ್ಮನೆ ಕೂತದ್ದಿಲ್ಲ."

ಅತ್ತು ಊಟ ಬಿಟ್ಟೆ. ಮರುದಿನ ಬೆಳಿಗ್ಗೆ ಅಪ್ಪ ತಮ್ಮ ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ ನನ್ನನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಬುಡದಲ್ಲಿ ಇಳಿಸಿಯೇ ಬಿಟ್ಟರು.

ಅದು ಹೆದ್ದಾರಿಗೆ ಮುಖ ಮಾಡಿದ ಹಳೆಯ ಕಟ್ಟಡದ ಮಾಳಿಗೆ. ಕೆಳಗೆ ಬಟ್ಟೆ ಅಂಗಡಿ. ಮೇಲೆ ಉದ್ದ ಕೋಣೆಯಲ್ಲಿ ಹತ್ತು ಟೈಪ್‌ರೈಟರ್‌ಗಳು, ಏಳು ಇಂಗ್ಲಿಷಿನವು, ಮೂರು ಕನ್ನಡದವು. ಒಂದೊಂದಕ್ಕೂ ಹಳೆಯ ಲುಂಗಿಯಿಂದ ಹೊಲಿದ ಚೌಕಳಿ ಮುಸುಕು. ಕಡಲಿನ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆಂದು ವಸಂತಿ ಟೀಚರ್ ವಾರಕ್ಕೊಮ್ಮೆ ಎಲ್ಲವನ್ನೂ ಬಿಚ್ಚಿ, ಒರೆಸಿ, ಎಣ್ಣೆ ಬಿಡುತ್ತಿದ್ದರು. ಕೋಣೆಗೆಲ್ಲ ಆ ಎಣ್ಣೆಯದೂ ರಿಬ್ಬನ್ ಮಸಿಯದೂ ಸೇರಿದ ಒಂದು ವಾಸನೆ. ಟೀಚರ್‌ಗೆ ಆಗ ನಲವತ್ತೆಂಟು. ಮದುವೆಯಾಗಿರಲಿಲ್ಲ. ದಿನಾ ಕಟಪಾಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ತಲೆಯಲ್ಲಿ ಒಂದು ಸಣ್ಣ ಮಲ್ಲಿಗೆ ತುಂಡು, ಬೆರಳ ತುದಿಯಲ್ಲಿ ಸದಾ ನೀಲಿ. ಹಿಂದೆ ಒಂದೊಂದು ಯಂತ್ರಕ್ಕೂ ಸರದಿ ಕಾಯಬೇಕಿತ್ತಂತೆ. ಆ ರಜೆಯಲ್ಲಿ ನಾವಿದ್ದದ್ದು ನಾಲ್ಕೇ ಜನ. ಮೇ ತಿಂಗಳು ಬರುವಷ್ಟರಲ್ಲಿ ಮೂವರು ಗಾಜಿನ ಬಾಗಿಲಿನ ಕಡೆಗೆ ಹೋದರು. ಉಳಿದದ್ದು ನಾನೊಬ್ಬಳು.

ನನಗೋ ನಾಚಿಕೆ. ಮೆಟ್ಟಿಲು ಹತ್ತುವಾಗ ಶರ್ಮಿಳಾ ಒಮ್ಮೆ ನೋಡಿಬಿಟ್ಟಳು. "ಎಂತ ಪಮ್ಮಿ, ನೀನು ಟೈಪಿಂಗಿಗಾ?" ಎಂದಳು. "ಅಲ್ಲಪ್ಪ, ಅಮ್ಮ ಟೀಚರ್‌ಗೆ ಎಂತದೋ ಕೊಟ್ಟು ಬಾ ಅಂದ್ರು" ಎಂದೆ. ಆಮೇಲೆ ದಿನವೂ ಅವಳು ಒಳಗೆ ಹೋದ ಮೇಲೆಯೇ ನಾನು ರಸ್ತೆ ದಾಟುತ್ತಿದ್ದೆ.

ಒಂದು ದಿನ ನನ್ನ ಯಂತ್ರದಲ್ಲಿ ಎರಡು ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡವು. ಹೇಳಲೆಂದು ಟೀಚರ ಮೇಜಿನ ಹತ್ತಿರ ಹೋದೆ. ಅವರು ಹಾಜರಿ ಪುಸ್ತಕದ ಹಿಂದೆ ಏನೋ ಓದುತ್ತಿದ್ದರು. ನುಣುಪು ಕಾಗದದ ದಪ್ಪ ಇಂಗ್ಲಿಷ್ ಪತ್ರಿಕೆ. ಮುಖಪುಟದಲ್ಲಿ ಹೊಟ್ಟೆ ಬಿಚ್ಚಿದ ಒಂದು ಕಂಪ್ಯೂಟರ್, ಒಳಗೆ ಹಸಿರು ಹಲಗೆ, ಬಣ್ಣಬಣ್ಣದ ವಯರುಗಳು. ಪಕ್ಕದಲ್ಲಿ ನಿಘಂಟು ತೆರೆದಿತ್ತು.

"ಇದೆಂತ ಟೀಚರ್?"

ಅವರು ಪತ್ರಿಕೆಯನ್ನು ಅಡಗಿಸಲು ಹೋಗಿ, ಆಮೇಲೆ ನಕ್ಕುಬಿಟ್ಟರು. "ಕೂತ್ಕೋ. ನಾನೂ ಕಲೀತಾ ಇದ್ದೇನೆ."

ಅವರು ಗಾಜಿನ ಬಾಗಿಲಿನ ಸೆಂಟರಿಗೆ ಸೇರಲು ಹೋಗಿದ್ದರಂತೆ, ಶುರುವಾದ ಮೂರನೆಯ ದಿನವೇ. ಅಲ್ಲಿ ಕಲಿಸುವ ಸಂದೀಪ ಸರ್ ಎಂಬ ಹುಡುಗ ಇಪ್ಪತ್ತೆರಡರ ಪ್ರಾಯದವನು. "ಮಗಳಿಗಾ ಮೇಡಂ?" ಎಂದು ಕೇಳಿದನಂತೆ. "ನನಗೇ" ಎಂದು ಟೀಚರ್ ಹೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲವಂತೆ. "ಇದು ಮಕ್ಕಳಿಗೆ ಮೇಡಂ, ನಿಮಗೆ ಈ ಪ್ರಾಯದಲ್ಲಿ ಕಷ್ಟ ಆಗ್ತದೆ" ಎಂದನಂತೆ.

"ನಿಮಗೆ ಸಿಟ್ಟು ಬರಲಿಲ್ವಾ ಟೀಚರ್?"

"ಬಂತು. ಬಸ್ಸಿನಲ್ಲಿ ಕಟಪಾಡಿವರೆಗೂ ಇತ್ತು" ಎಂದರು. ಅಷ್ಟೇ. ಪುಟ ಮಗುಚಿ ಮುಂದಿನ ಚಿತ್ರ ತೋರಿಸಿದರು.

ಪ್ರತಿ ಶನಿವಾರ ಮಧ್ಯಾಹ್ನ ಅವರು ಮಣಿಪಾಲಕ್ಕೆ ಹೋಗುತ್ತಿದ್ದರು. ಅಲ್ಲೊಂದು ಹಳೆ ಪುಸ್ತಕದಂಗಡಿ. ಹಾಸ್ಟೆಲ್ ಮಕ್ಕಳು ಓದಿ ಎಸೆದ ಪತ್ರಿಕೆಗಳೆಲ್ಲ ಅಲ್ಲಿ ರಾಶಿ ಬೀಳುತ್ತಿದ್ದವು. ಬಟ್ಟೆಚೀಲದ ತುಂಬ ಹೊತ್ತು ತರುತ್ತಿದ್ದರು. ಯಾವ ತಿಂಗಳದ್ದು, ಯಾವ ವರ್ಷದ್ದು ಎಂಬುದಕ್ಕೆ ಕ್ರಮವಿಲ್ಲ. ಮುಖಪುಟಕ್ಕೆ ಅಂಟಿಸಿದ್ದ ಸಿ.ಡಿ.ಯನ್ನು ಯಾರೋ ಮೊದಲೇ ಕಿತ್ತುಕೊಂಡಿರುತ್ತಿದ್ದರು. ಒಣಗಿದ ಗೋಂದಿನ ಕಲೆ ಮಾತ್ರ ಉಳಿದಿರುತ್ತಿತ್ತು. ಆದರೆ ಒಳಗಿನ ಪುಟಗಳು! ಮೂಗಿಗೆ ಹಿಡಿದರೆ ಮಸಿಯದೂ ಮೇಣದ್ದೂ ಒಂದು ಪರಿಮಳ. ಪ್ರಿಂಟರುಗಳ ಜಾಹೀರಾತು, ಯಾವ ಕಂಪ್ಯೂಟರ್ ಎಷ್ಟು ವೇಗ ಎಂಬ ದೊಡ್ಡ ದೊಡ್ಡ ಪಟ್ಟಿಗಳು, ಹೀಗೆ ಮಾಡಿ ಹಾಗೆ ಮಾಡಿ ಎಂದು ಬಾಣದ ಗುರುತು ಹಾಕಿದ ಚಿತ್ರಗಳು. ನಮಗಿಬ್ಬರಿಗೂ ಅತಿ ಇಷ್ಟವಾದದ್ದು ಹಸಿರು ಅಂಚಿನಲ್ಲಿ ಬರುತ್ತಿದ್ದ ಓದುಗರ ಪ್ರಶ್ನೆಗಳ ಪುಟ. ರಾಂಚಿಯಿಂದ, ಕೊಲ್ಹಾಪುರದಿಂದ, ಎಲ್ಲೆಲ್ಲಿಂದಲೋ ಜನ ತಮ್ಮ ಕಂಪ್ಯೂಟರಿನ ಕಾಯಿಲೆ ಬರೆದು ಕಳಿಸುತ್ತಿದ್ದರು. ಪತ್ರಿಕೆಯವರು ಡಾಕ್ಟರರ ಹಾಗೆ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು. ಆ ಯಂತ್ರಗಳನ್ನು ಕಾಣದಿದ್ದರೂ ಅವುಗಳ ಶೀತ, ಜ್ವರ ನಮಗೆ ಪರಿಚಯವಾಗಿಬಿಟ್ಟಿತು.

ಟೈಪಿಂಗ್ ಒಂದು ಗಂಟೆ, ಆಮೇಲೆ ಪತ್ರಿಕೆ. ಮಧ್ಯೆ ಟೀಚರ್ ಪಕ್ಕದ ಹೋಟೆಲಿನಿಂದ ಬಿಸಿ ಗೋಳಿಬಜೆ ತರಿಸುತ್ತಿದ್ದರು. ಎಣ್ಣೆ ಕೈಯಲ್ಲಿ ಪುಟ ಮುಟ್ಟಬಾರದೆಂದು ತಿಂದಾದ ಮೇಲೆ ಇಬ್ಬರೂ ಸಾಬೂನು ಹಾಕಿ ತೊಳೆದುಕೊಂಡು ಬರುತ್ತಿದ್ದೆವು. ಅರ್ಥವಾಗದ ಪದಗಳಿಗೆ ಅವರೇ ಕನ್ನಡ ಹುಡುಕುತ್ತಿದ್ದರು. ಮದರ್‌ಬೋರ್ಡ್ ಎಂದರೆ ತಾಯಿಹಲಗೆ. ರ‍್ಯಾಮ್ ಎಂದರೆ? "ಕರೆಂಟು ಹೋದ ಕೂಡಲೇ ಮರೆತುಬಿಡುವ ನೆನಪು. ನಿನ್ನ ಹಾಗೆ, ಪರೀಕ್ಷೆ ಮುಗಿದ ಕೂಡಲೇ" ಎಂದು ನಗುತ್ತಿದ್ದರು.

ಪತ್ರಿಕೆಯ ಒಂದು ಪುಟದಲ್ಲಿ ಕೀಬೋರ್ಡಿನ ದೊಡ್ಡ ಚಿತ್ರವಿತ್ತು. ಅದನ್ನು ನೋಡುತ್ತ ನೋಡುತ್ತ ಟೀಚರ್ ಥಟ್ಟನೆ ಎದ್ದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಪಮ್ಮೀ, ನೋಡು ಇಲ್ಲಿ. ಇದು ನಮ್ಮದೇ ಮಾರಾಯ್ತಿ! ಅಕ್ಷರ ಎಲ್ಲ ನಮ್ಮ ಮೆಶಿನಿನ ಜಾಗದಲ್ಲೇ ಉಂಟು!"

ಮೌಸ್ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಕೈ ಮೇಜಿನ ಮೇಲೆ, ಬಾಣ ಪರದೆಯ ಮೇಲೆ, ಅದು ಹೇಗೆ ಸಾಧ್ಯ? ಟೀಚರ್ ಕರಿಹಲಗೆಯ ಮೇಲೆ ಪತ್ರಿಕೆಯಲ್ಲಿದ್ದಂತೆಯೇ ಒಂದು ಪರದೆ ಬರೆದರು. ತಾವು ಮೇಜಿನ ಎದುರು ಕೂತು ಡಸ್ಟರನ್ನು ಕೈಯಲ್ಲಿ ಹಿಡಿದರು. ನಾನು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತೆ. ಅವರು ಡಸ್ಟರ್ ಎಡಕ್ಕೆ ಸರಿಸಿದರೆ ನಾನು ಸುಣ್ಣವನ್ನು ಎಡಕ್ಕೆ ಒಯ್ಯಬೇಕು. ಡಸ್ಟರನ್ನು ಎರಡು ಸಲ ಕುಟ್ಟಿದರೆ ಆ ಚಿತ್ರ ಅಳಿಸಿ ಒಳಗಿನ ಚಿತ್ರ ಬರೆಯಬೇಕು. ಆಮೇಲೆ ನನ್ನ ಸರದಿ, ಟೀಚರ್ ಬಾಣ. ನಕ್ಕು ನಕ್ಕು ಹೊಟ್ಟೆ ನೋಯುತ್ತಿತ್ತು. ಅಷ್ಟು ದೊಡ್ಡವರೊಬ್ಬರು ನನ್ನ ಕೈ ಸರಿದ ಕಡೆಗೆಲ್ಲ ಸುಣ್ಣ ಹಿಡಿದು ಓಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗಾಜಿನ ಬಾಗಿಲಿನ ನೆನಪು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಮೇ ಕೊನೆಗೆ ಟೀಚರ್ ಮಣಿಪಾಲದಿಂದ ಒಂದು ಸುದ್ದಿ ತಂದರು. ಕೊನೆಯ ವರ್ಷದ ಇಂಜಿನಿಯರಿಂಗ್ ಹುಡುಗನೊಬ್ಬ ಊರಿಗೆ ಹೋಗುವ ಮೊದಲು ತನ್ನ ಕಂಪ್ಯೂಟರ್ ಮಾರುತ್ತಾನೆಂದು ಪುಸ್ತಕದಂಗಡಿಯ ಗೋಡೆಯಲ್ಲಿ ಚೀಟಿ ಅಂಟಿಸಿದ್ದನಂತೆ. "ನಾಳೆ ನೀನೂ ಬಾ. ನಾಲ್ಕು ಕಣ್ಣು ಇದ್ದರೆ ಒಳ್ಳೆಯದು" ಎಂದರು. ಅಮ್ಮ ನನಗೆ ನವರಾತ್ರಿಗೆ ಹೊಲಿಸಿದ ಹೊಸ ಲಂಗ ಹಾಕಿ ಕಳಿಸಿದರು.

ನೇರ ಅವನ ಕೋಣೆಗೆ ಹೋದೆವು. ಉತ್ತರದ ಕಡೆಯ ಹುಡುಗ, ಕನ್ನಡ ಬರುತ್ತಿರಲಿಲ್ಲ. ಟೀಚರ್ ಟೈಪಿಂಗ್ ಪರೀಕ್ಷೆಯ ಪತ್ರಗಳ ಹಾಗೆ ಅಲ್ಪವಿರಾಮ ಪೂರ್ಣವಿರಾಮ ಸಮೇತ ಇಂಗ್ಲಿಷ್ ಮಾತಾಡಿದರು. ಅವನು ಮೊದಲು ನಮ್ಮಿಬ್ಬರನ್ನೂ ನೋಡಿ ಅನುಮಾನಪಟ್ಟ. ಇದನ್ನು ನಡೆಸಲು ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ ಎಂದು ಕೇಳಿದ. ಟೀಚರ್ ಕಂಪ್ಯೂಟರಿನ ಹತ್ತಿರ ಹೋದರು. ಡಬ್ಬದ ಬದಿಯ ಮುಚ್ಚಳ ತೆಗೆಯಲು ಹೇಳಿದರು. ಆಮೇಲೆ ಬಗ್ಗಿ ನಿಂತು ಬೆರಳು ತೋರಿಸುತ್ತ ಒಂದೊಂದರ ಹೆಸರು ಹೇಳಿದರು. ಇದು ಪ್ರೊಸೆಸರ್, ಇದು ಹಾರ್ಡ್‌ಡಿಸ್ಕ್, ಇದು ರ‍್ಯಾಮ್, ಇನ್ನೊಂದು ಹಾಕಲು ಜಾಗ ಖಾಲಿ ಉಂಟು. ಹುಡುಗನ ಬಾಯಿ ತೆರೆದೇ ಇತ್ತು. ಗುಂಡಿ ಒತ್ತಿ ನಡೆಸಿ ತೋರಿಸಿದ. ಎಲ್ಲಿ ಕಲಿತಿರಿ ಎಂದು ಕೇಳಿದ. ಟೀಚರ್ ಅವನ ಮಂಚದ ಕೆಳಗಿದ್ದ ಪತ್ರಿಕೆಗಳ ಕಟ್ಟು ತೋರಿಸಿದರು. ಅವನು ಆ ಕಟ್ಟನ್ನೂ, ಕಿತ್ತಿಟ್ಟಿದ್ದ ಸಿ.ಡಿ.ಗಳನ್ನೂ ಒಂದು ಚೀಲಕ್ಕೆ ತುಂಬಿ ಕೈಗಿತ್ತ. ಹೊರಡುವಾಗ ಬಗ್ಗಿ ಟೀಚರ ಕಾಲು ಮುಟ್ಟಿದ. ಟೀಚರ್ ಗಲಿಬಿಲಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ಉಡುಪಿಯಲ್ಲಿ ಇಳಿದು ಕಾಪುವಿನ ಬಸ್ ಹತ್ತಿದೆವು. ಮಾನಿಟರ್ ಟೀಚರ ಮಡಿಲಲ್ಲಿ, ಸೀರೆಯ ಸೆರಗು ಅದರ ಮೇಲೆ. ಡಬ್ಬ ನನ್ನ ಕಾಲ ನಡುವೆ. ಕಂಡಕ್ಟರ್ ಸೀಟಿ ಊದುವುದನ್ನು ಬಿಟ್ಟು ಬಗ್ಗಿ ನೋಡಿದ.

"ಎಂತ ಟೀಚರ್, ಹೊಸ ಟಿ.ವಿ.ಯಾ?"

"ಟಿ.ವಿ. ಅಲ್ಲ ಮಾರಾಯ, ಕಂಪ್ಯೂಟರ್. ಡ್ರೈವರಿಗೆ ಸ್ವಲ್ಪ ಮೆಲ್ಲ ಬಿಡ್ಲಿಕ್ಕೆ ಹೇಳು."

"ಅವನು ನನ್ನ ಮಾತು ಕೇಳ್ತಿದ್ರೆ ನಾನು ಯಾವತ್ತೋ ಉದ್ಧಾರ ಆಗ್ತಿದ್ದೆ ಟೀಚರ್" ಎಂದ ಕಂಡಕ್ಟರ್. ಅವನೂ ಟೀಚರ ಹಳೆಯ ವಿದ್ಯಾರ್ಥಿಯೇ. ಎರಡು ಸಲ ಪರೀಕ್ಷೆಯಲ್ಲಿ ಫೇಲಾದವನಂತೆ. ಬಸ್ಸು ಎಂದಿನಂತೆಯೇ ಹಾರಿತು. ಪ್ರತಿ ಗುಂಡಿಗೂ ಟೀಚರ್ ಮಾನಿಟರನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಳ್ಳುತ್ತಿದ್ದರು.

ಕಾಪುವಿನಲ್ಲಿ ಅಪ್ಪ ಕಾದಿದ್ದರು. ಡಬ್ಬವನ್ನು ಅವರು ಹೊತ್ತುಕೊಂಡರು. ಸೆಂಟರಿನಿಂದ ಹೊರಗೆ ಬರುತ್ತಿದ್ದ ಶರ್ಮಿಳಾ ನಮ್ಮ ಮೆರವಣಿಗೆ ನೋಡಿ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. ನನ್ನ ಸುಳ್ಳು ಬಯಲಾಯಿತು. ಆದರೆ ಆ ಗಳಿಗೆಯಲ್ಲಿ ನನಗೆ ಅದರ ಗೊಡವೆಯೇ ಇರಲಿಲ್ಲ.

ಪತ್ರಿಕೆಯ ಚಿತ್ರ ನೋಡಿ ನೋಡಿ ಟೀಚರ್ ವಯರುಗಳನ್ನು ಜೋಡಿಸಿದರು. ದೇವರಿಗೆ ಕೈ ಮುಗಿದು ಗುಂಡಿ ಒತ್ತಿದರು. ಒಳಗಿನ ಫ್ಯಾನು ತಿರುಗಿತು. ಆಮೇಲೆ ಉದ್ದಕ್ಕೆ ಒಂದು ಕೂಗು. ನಿಂತು, ಮತ್ತೊಂದು ಉದ್ದದ ಕೂಗು. ಪರದೆ ಕಪ್ಪಗೇ ಇತ್ತು. ಆರಿಸಿ ಮತ್ತೆ ಹಾಕಿದರು. ಮತ್ತೆ ಅದೇ ಕೂಗು. ಟೀಚರ ಮುಖದಲ್ಲಿ ಬೆವರು ಇಳಿಯುತ್ತಿತ್ತು. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ತಂದದ್ದು ಅದು. ಅಪ್ಪ ಮೆಲ್ಲನೆ, "ಹುಡುಗ ಮೋಸ ಮಾಡಿದನಾ ಟೀಚರ್?" ಎಂದರು.

"ಇಲ್ಲ ಅಣ್ಣ. ಅಲ್ಲಿ ಸರಿಯಾಗಿಯೇ ಇತ್ತು, ನಾವು ನೋಡಿದ್ದೇವೆ" ಎಂದರು ಟೀಚರ್. ಒಂದೊಂದೇ ವಯರನ್ನು ಮತ್ತೆ ಒತ್ತಿ ನೋಡಿದರು.

"ನಮ್ಮ ಸಂದೀಪ ಸರನ್ನು ಕರೀಲಾ?" ಎಂದು ಶರ್ಮಿಳಾ ಕೇಳಿದಳು.

ಟೀಚರ್ ಇನ್ನೊಮ್ಮೆ ಗುಂಡಿ ಒತ್ತಿದರು. ನನಗೆ ಆ ಕೂಗು ಎಲ್ಲೋ ಕೇಳಿದಂತೆ ಅನ್ನಿಸಿತು. ಕೇಳಿದ್ದಲ್ಲ, ಓದಿದ್ದು. ಓದುಗರ ಪ್ರಶ್ನೆಗಳ ಪುಟ! "ಟೀಚರ್, ರಾಂಚಿಯವರದ್ದು! ಕೂಗ್ತದೆ, ಪರದೆ ಕಪ್ಪು ಅಂತ ಬರೆದಿದ್ದರಲ್ಲ" ಎಂದು ಕಿರುಚಿದೆ. ಎಲ್ಲರೂ ನೆಲಕ್ಕೆ ಕೂತೆವು. ರಾಶಿಯನ್ನು ಹಂಚಿಕೊಂಡೆವು. ಇಂಗ್ಲಿಷ್ ಓದಲು ಬಾರದ ಅಪ್ಪನೂ "ಹಸಿರು ಅಂಚಿನ ಪುಟ ಅಲ್ವಾ?" ಎಂದು ಕೇಳಿ ಹುಡುಕತೊಡಗಿದರು. ಅರ್ಧ ಗಂಟೆಯ ಮೇಲೆ ಅದು ಸಿಕ್ಕಿದ್ದು ಶರ್ಮಿಳಾಳ ಕೈಗೆ.

ಟೀಚರ್ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು. ರ‍್ಯಾಮ್ ಸಡಿಲವಾದರೆ ಹೀಗೆ ಕೂಗುತ್ತದೆ. ಕರೆಂಟು ತೆಗೆಯಿರಿ. ಮೈಯಲ್ಲಿರುವ ಸ್ಥಿರವಿದ್ಯುತ್ತು ಇಳಿದುಹೋಗಲು ಮೊದಲು ಡಬ್ಬದ ಕಬ್ಬಿಣ ಮುಟ್ಟಿ. ಪಟ್ಟಿಯನ್ನು ಹೊರಗೆಳೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ. ಎರಡೂ ಬದಿಯ ಕೊಕ್ಕೆ ಟಕ್ಕೆನ್ನುವವರೆಗೆ ಒತ್ತಿ.

ನಾನು ಮೇಜಿನ ಮೇಲಿದ್ದ ಟೈಪಿಂಗ್ ರಬ್ಬರ್ ಕೊಟ್ಟೆ. "ಬೇಡ ಬೇಡ, ಇದು ಕಾಗದವನ್ನೇ ತಿಂತದೆ. ಪೆನ್ಸಿಲ್ ರಬ್ಬರ್ ಉಂಟಾ?" ಎಂದರು. ಶರ್ಮಿಳಾಳ ಚೀಲದಲ್ಲಿತ್ತು, ಗುಲಾಬಿ ಬಣ್ಣದ್ದು, ಪರಿಮಳದ್ದು. ಟೈಪ್‌ರೈಟರಿಗೆ ಎಣ್ಣೆ ಬಿಡುವ ಅದೇ ನಿಧಾನದಿಂದ ಟೀಚರ್ ಆ ಪಟ್ಟಿಯನ್ನು ಉಜ್ಜಿದರು. ಒರೆಸಿದರು. ಜಾಗಕ್ಕೆ ಇಟ್ಟು ಒತ್ತಿದರು. ಟಕ್. ಟಕ್.

ಗುಂಡಿ ಒತ್ತಿದಾಗ ಒಂದೇ ಒಂದು ಪುಟ್ಟ ಸದ್ದು. ಆಮೇಲೆ ಕಪ್ಪಿನ ಮೇಲೆ ಬಿಳಿಯ ಅಕ್ಷರಗಳು ಸರಸರನೆ ಇಳಿದವು. ಕೊನೆಗೆ ಪರದೆ ತುಂಬ ನೀಲಿ. ಅಪ್ಪ ಚಪ್ಪಾಳೆ ತಟ್ಟಿಬಿಟ್ಟರು. ಟೀಚರ್ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಟ್ಟರು. ಕಣ್ಣು ಪರದೆಯ ಮೇಲೆಯೇ. ಬೆರಳುಗಳು ಕೆಳಗೆ ನೋಡದೆ ಓಡಿದವು. ಶರ್ಮಿಳಾ ನನ್ನ ಕಿವಿಯಲ್ಲಿ, "ನಮ್ಮ ಸರ್ ಎರಡೇ ಬೆರಳಲ್ಲಿ ಕುಟ್ಟುವುದು" ಎಂದಳು.

ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಒಂದು ಸಂಜೆ ಸಂದೀಪ ಸರ್ ಕೊಡೆ ಮಡಚುತ್ತ ಮೆಟ್ಟಿಲು ಹತ್ತಿ ಬಂದರು. ನಾನು ಅಲ್ಲಿಯೇ ಇದ್ದೆ. ಮೀನುಗಾರರ ಸಂಘವೊಂದರ ಮಹಾಸಭೆಯ ವರದಿ ಅವರ ಕೈಯಲ್ಲಿತ್ತು. ಇಪ್ಪತ್ತು ಪುಟ, ಎಲ್ಲ ಕನ್ನಡದಲ್ಲಿ. ಎರಡು ದಿನದಲ್ಲಿ ಬೇಕು. ಕನ್ನಡದ ಸಾಫ್ಟ್‌ವೇರ್ ಏನೋ ಅವರಲ್ಲಿತ್ತು, ಆದರೆ ಅಕ್ಷರ ಎಲ್ಲಿದೆಯೆಂದು ಹುಡುಕಿ ಒಂದು ಪುಟ ಮಾಡುವಷ್ಟರಲ್ಲಿ ಅರ್ಧ ದಿನ ಹೋಗಿತ್ತು.

"ಅದರಲ್ಲಿ ಟೈಪ್‌ರೈಟರಿನ ಕೀಬೋರ್ಡೂ ಉಂಟಂತೆ ಟೀಚರ್. ನಮಗೆ ಯಾರಿಗೂ ಬರುವುದಿಲ್ಲ. ನಿಮಗೆ..." ಎಂದು ತಡವರಿಸಿದರು. ಏಪ್ರಿಲಿನಲ್ಲಿ ಮೇಡಂ ಆಗಿದ್ದವರು ಈಗ ಟೀಚರ್ ಆಗಿದ್ದರು.

ನಾನು ಟೀಚರ ಮುಖ ನೋಡಿದೆ. ಈಗ ಒಂದು ಮಾತು ಹೇಳುತ್ತಾರೆ, ಹೇಳಲೇಬೇಕು ಎಂದು ಕಾದೆ. ಅವರು ಕಾಗದಗಳನ್ನು ಕೈಗೆ ತೆಗೆದುಕೊಂಡು ಅಕ್ಷರ ನೋಡಿದರು. "ಯಾರು ಬರೆದದ್ದು? ಒಳ್ಳೆ ಅಕ್ಷರ" ಎಂದರು. "ಕೂತ್ಕೊಳ್ಳಿ, ಒದ್ದೆಯಾಗಿದ್ದೀರಿ. ನಾಳೆ ಸಂಜೆಗೆ ಮುಗಿಸುವ. ನೀವು ನನಗೆ ಪುಟ ಅಂದ ಮಾಡುವುದು ಹೇಗೆ ಅಂತ ತೋರಿಸಿಕೊಡಿ, ಅದು ನನಗೆ ಇನ್ನೂ ಸರಿ ಬರುವುದಿಲ್ಲ."

ಮರುದಿನ ಸಂಜೆ ನಾನು ಶಾಲೆ ಬಿಟ್ಟು ಬಂದಾಗ ಇಬ್ಬರೂ ಆ ಒಂದೇ ಪರದೆಯ ಎದುರು ಕೂತಿದ್ದರು. ಮಹಾಸಭೆಯ ಮೊದಲ ಪುಟಕ್ಕೆ ಯಾವ ಅಂಚು ಚಂದವೆಂದು ಜೋರಾಗಿ ಚರ್ಚೆ ಮಾಡುತ್ತಿದ್ದರು.

ಆ ಬಳಿಕ ಇನ್‌ಸ್ಟಿಟ್ಯೂಟಿನ ಬೋರ್ಡಿನಲ್ಲಿ ಟೈಪಿಂಗ್ ಜೊತೆಗೆ ಕಂಪ್ಯೂಟರ್ ಎಂಬ ಪದವೂ ಸೇರಿತು. ಒಂದಿದ್ದ ಕಂಪ್ಯೂಟರ್ ಮೂರಾಯಿತು. ಮೀನು ಮಾರುವವರ ಹೆಣ್ಣುಮಕ್ಕಳು, ಅಂಗಡಿಗಳಲ್ಲಿ ಕೆಲಸಕ್ಕಿದ್ದ ಹುಡುಗಿಯರು, ಬಾಗಲಕೋಟೆಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಎಲ್ಲ ಅಲ್ಲಿ ಕಲಿತರು. ಹತ್ತು ಹನ್ನೆರಡು ವರ್ಷ ನಡೆದಿರಬೇಕು. ಆಮೇಲೆ ಮನೆಮನೆಗೂ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಎಲ್ಲರ ಕೈಗೂ ಫೋನ್ ಬಂತು. ಗಾಜಿನ ಬಾಗಿಲು ಮೊದಲು ಮುಚ್ಚಿತು, ಟೀಚರದ್ದು ಆಮೇಲೆ. ಪತ್ರಿಕೆಗಳೂ ತೆಳ್ಳಗಾಗುತ್ತ ಬಂದು ಒಂದೊಂದಾಗಿ ಸ್ಟಾಲುಗಳಿಂದ ಮಾಯವಾದವು. ಟೀಚರ್ ತೀರಿಕೊಂಡು ಈಗ ಮೂರು ವರ್ಷ.

ನಾನು ಕಾರ್ಕಳದ ಕಚೇರಿಯೊಂದರಲ್ಲಿ ದಿನವಿಡೀ ಕಂಪ್ಯೂಟರಿನ ಎದುರು ಕೂರುತ್ತೇನೆ. ಅದು ಕೆಟ್ಟರೆ ಫೋನ್ ಮಾಡುತ್ತೇವೆ. ಯಾರೋ ಬಂದು ಬೇರೆ ಇಟ್ಟು ಹೋಗುತ್ತಾರೆ. ಒಳಗೆ ಏನಾಗಿತ್ತೆಂದು ಅವರು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಮನೆಯಲ್ಲಿ ಮಗಳಿಗೆ ಏನು ಬೇಕಾದರೂ ಫೋನಿನಲ್ಲಿ ಅರೆಗಳಿಗೆಯಲ್ಲಿ ಸಿಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವಳೂ ನಾನೂ ಒಂದು ಪುಟದ ಮೇಲೆ ತಲೆಗೆ ತಲೆ ತಾಗಿಸಿ ಕೂತದ್ದು ನನಗೆ ನೆನಪಿಲ್ಲ.

ಕಳೆದ ತಿಂಗಳು ಕಚೇರಿಗೆ ಹೊಸ ವ್ಯವಸ್ಥೆಯೊಂದು ಬಂತು. ಕಲಿಸಲು ಬಂದವನು ಸಣ್ಣ ಪ್ರಾಯದವನು. ಪಟಪಟನೆ ತೋರಿಸಿ, "ಎಲ್ಲರಿಗೂ ಅರ್ಥ ಆಯ್ತಲ್ಲ?" ಎಂದು ಕೇಳಿದ. ನನಗೆ ಅರ್ಧವೂ ಅರ್ಥವಾಗಿರಲಿಲ್ಲ. ಉಳಿದವರ ಹಾಗೆ ನಾನೂ ತಲೆಯಾಡಿಸಿದೆ. ಟೀಚರ್ ಅಲ್ಲಿದ್ದಿದ್ದರೆ ಮೊದಲ ಬೆಂಚಿನಿಂದಲೇ ಕೈ ಎತ್ತುತ್ತಿದ್ದರು.